ಮೊದಲು ಟ್ರಾಲಿ, ಆಮೇಲೆ ಫರಶಿ

ಯಾವ ಕೆಲಸವನ್ನೂ ಯೋಜನೆ ಇಲ್ಲದೆ ಕೈಗೆತ್ತಿಕೊಳ್ಳಬಾರದು ಎಂಬುದು ನನ್ನ ಬಾಳಿನ ಸಿದ್ಧಾಂತ. ಸೊಲ್ಲಾಪುರದ ಒಂದು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತಿಕೆ ಮಾಡಿ, ಈಗ ಹೆಡ್ ಕ್ಲಾರ್ಕ್ ಆಗಿರುವವನು ನಾನು. ನನ್ನ ಟೇಬಲ್ಲಿಗೆ ಬಂದ ಯಾವ ಕಾಗದವೂ ತನ್ನ ಸರದಿ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದದ್ದಿಲ್ಲ. ಹಿಂದೆಯೂ ಹೋದದ್ದಿಲ್ಲ. ಕೆಲವು ಇನ್ನೂ ಅಲ್ಲೇ ಇವೆ!

ಹೀಗಾಗಿ ನಮ್ಮ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವ ಪ್ರಶ್ನೆ ಎದ್ದಾಗ ನಾನು ಒಂದಿಷ್ಟೂ ಹೆದರಲಿಲ್ಲ. ಹೆದರಬೇಕಾಗಿದ್ದವರು ಬೇರೆಯವರು. ಪಾಪ, ಅವರಿಗೂ ಆಗ ಅದು ಗೊತ್ತಿರಲಿಲ್ಲ.

ಪ್ರಶ್ನೆ ಎದ್ದದ್ದು ನನ್ನ ಹೆಂಡತಿ ಸುನಂದಾಳ ಮೊಣಕಾಲಿನಿಂದ. ಅವಳು ಅಕ್ಕಲಕೋಟದ ರೈತರ ಮನೆಯ ಮಗಳು. ಮದುವೆಯಾಗಿ ಬಂದಾಗಿನಿಂದ ನೆಲದ ಮೇಲೆ ಕುಳಿತೇ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಅಡುಗೆ ಕಟ್ಟೆ ಇರಲಿಲ್ಲವೆಂದಲ್ಲ. ಅದಕ್ಕೆ ನಮ್ಮ ಕಡೆ ಓಟಾ ಎನ್ನುತ್ತಾರೆ. ಆದರೆ ಈ ಮನೆಯ ಹಿಂದಿನ ಮಾಲಕರು ಕಟ್ಟಿಸಿದ ಓಟಾ ಇವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅದರ ಮೇಲೆ ಸಾರು ಕುದಿಸಬಹುದು, ರೊಟ್ಟಿ ಬಡಿಯಲಾಗದು. ರೊಟ್ಟಿಗೆ ಕೈಯ ಭಾರ ಮೇಲಿನಿಂದ ಬೀಳಬೇಕು. ಇತ್ತೀಚೆಗೆ ಅವಳು ರೊಟ್ಟಿ ಮುಗಿಸಿ ಏಳುವಾಗ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದು, "ಯವ್ವಾ!" ಎನ್ನತೊಡಗಿದಳು. ಡಾಕ್ಟರು ಎಕ್ಸ್‌ರೇ ನೋಡಿ, "ಇನ್ನ ನೆಲಕ್ಕ ಕೂತು ರೊಟ್ಟಿ ಬಡಿಯೂದು ಬಂದ್" ಎಂದರು.

"ರೊಟ್ಟಿ ಬಂದ್ ಮಾಡಿದ್ರ ಇವರು ಏನ ತಿಂತಾರ?" ಎಂದು ಸುನಂದಾ ಕೇಳಿದಳು.

ಡಾಕ್ಟರು ನನ್ನ ಹೊಟ್ಟೆಯ ಕಡೆ ನೋಡಿದರು.

ಅಂದೇ ನಿರ್ಧಾರವಾಯಿತು. ಹಳೆಯ ಓಟಾ ಒಡೆದು, ಸುನಂದಾಳ ಎತ್ತರಕ್ಕೆ ಸರಿಯಾಗಿ ಹೊಸ ಓಟಾ. ಅದರ ಕೆಳಗೆ ಎಳೆಯುವ ಖಾನೆಗಳು. ಇವಕ್ಕೆ ನಮ್ಮ ಊರಿನಲ್ಲಿ ಟ್ರಾಲಿ ಎಂದು ಹೆಸರು. ನೆಲಕ್ಕೆ ಹೊಸ ಫರಶಿ, ಅಂದರೆ ಹಾಸುಬಿಲ್ಲೆ. ನಿಂತುಕೊಂಡೇ ರೊಟ್ಟಿ!

ನಾನು ಕಚೇರಿಯ ಫುಲ್‌ಸ್ಕೇಪ್ ಕಾಗದದಲ್ಲಿ ಕಾರ್ಯಕ್ರಮ ಬರೆದೆ. ಕಲಮು ಒಂದು: ಹಳೆಯ ಓಟಾ ಒಡೆಯತಕ್ಕದ್ದು. ಕಲಮು ಎರಡು: ಹೊಸ ಟ್ರಾಲಿ ಕೂಡಿಸತಕ್ಕದ್ದು. ಕಲಮು ಮೂರು: ಅದರ ಮೇಲೆ ಗ್ರಾನೈಟ್ ಇಡತಕ್ಕದ್ದು. ಕಲಮು ನಾಲ್ಕು: ಹಳೆಯ ನೆಲವನ್ನು ಕೀಳದೆ, ಧೂಳೆಬ್ಬಿಸದೆ, ಅದರ ಮೇಲೆಯೇ ಹೊಸ ಫರಶಿ ಹಾಸತಕ್ಕದ್ದು. ಕಲಮು ಐದು: ಹಾಲು ಉಕ್ಕಿಸತಕ್ಕದ್ದು. ಕೆಳಗೆ ಸಹಿ ಮಾಡಿ, 'ಪ್ರತಿ: ಸೌ. ಸುನಂದಾ ಇವರ ಮಾಹಿತಿಗಾಗಿ' ಎಂದೂ ಬರೆದೆ.

ಸೌ. ಸುನಂದಾ ಮಾಹಿತಿ ಓದಿ ಕೇಳಿದಳು, "ಏನ್ರೀ, ಫರಶಿ ಮೊದಲ ಹಾಕಬೇಕಲ್ಲಾ?"

"ಟ್ರಾಲಿ ಕೆಳಗ ಫರಶಿ ಹಾಕಿ ಯಾರಿಗೆ ತೋರಸ್ತಿ? ಜಿರಲಿಗೇನು?" ಎಂದೆ. "ಇನ್ನೊಂದು ವಿಚಾರ ಮಾಡು. ಹೊಸಾ ಫರಶಿ ಮ್ಯಾಲ ಟ್ರಾಲಿಯವರು ಸುತ್ತಿಗಿ ಬೀಳಸ್ತಾರ. ಫರಶಿ ಒಡೀತದ. ಆಮ್ಯಾಲ ಅಳ್ತಿ."

ಎರಡು ಕಾರಣ. ಎರಡೂ ಗಟ್ಟಿ ಕಾರಣ. ಇವತ್ತಿಗೂ ನನಗೆ ಅವು ಸರಿಯೆಂದೇ ಕಾಣುತ್ತವೆ. ಯಾರ ಮುಂದೂ ಹೇಳುವುದಿಲ್ಲ, ಅಷ್ಟೇ.

ಓಟಾದ ಎತ್ತರ ಗೊತ್ತುಮಾಡಲು ನಾನು ನವಿ ಪೇಠೆಗೆ ಹೋಗಿ ಹೊಸ ಟೇಪು ತಂದೆ. ಅಡುಗೆಮನೆಯ ನಡುವೆ ಟೀಪಾಯಿ ಇಟ್ಟು, ಅದರ ಮೇಲೆ ಹಳೆಯ ದಪ್ಪ ಪುಸ್ತಕಗಳನ್ನು ಪೇರಿಸಿ, ಮೇಲೆ ಹಿಟ್ಟು ನಾದುವ ಪರಾತ ಇಟ್ಟೆ. ಸುನಂದಾ ನಿಂತುಕೊಂಡು ನಿಜವಾದ ಹಿಟ್ಟಿನಿಂದ ನಿಜವಾದ ರೊಟ್ಟಿ ಬಡಿದಳು. "ಇನ್ನೊಂದ ಪುಸ್ತಕ ತಗೀರಿ... ಭಾಳ ಇಳೀತು, ಒಂದು ಸಣ್ಣದು ಇಡ್ರಿ... ಹಾಂ! ಈಗ ಸರಿ." ಅವಳ ಮುಖ ಎಷ್ಟು ಅರಳಿತೆಂದರೆ, ನನಗೆ ಆ ಟೇಪನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕಬೇಕು ಎನ್ನಿಸಿತು. ಸರಿಯಾಗಿ ಮೂವತ್ತೆರಡು ಇಂಚು. ಅಳತೆಯಲ್ಲಿ ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ಆದರೆ ಅವಳು ನಿಂತಿದ್ದ ನೆಲ ತಾತ್ಕಾಲಿಕ ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಸುದ್ದಿ ಅಕ್ಕಲಕೋಟಕ್ಕೆ ಮುಟ್ಟಿತು. ಮಾವನವರು ತಮ್ಮ ನಂಬಿಕೆಯ ಗೌಂಡಿ ಈರಣ್ಣನನ್ನು ಕಳಿಸಿಕೊಟ್ಟರು. ಈರಣ್ಣ ಅರವತ್ತರ ಆಸುಪಾಸಿನವನು. ಮಾವನವರ ಮನೆ, ಕೊಟ್ಟಿಗೆ, ಬಾವಿಯ ಕಟ್ಟೆ ಎಲ್ಲವೂ ಅವನ ಕೈಯದೇ. ಅವನು ಬಂದು ಬಾಗಿಲಲ್ಲೇ ಕೈಮುಗಿದು, "ಶರಣರಿ ಜಾವಯಿಬಾಪು" ಎಂದ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಅಳಿಯನೆಂದರೆ ಬರೀ ಅಳಿಯನಲ್ಲ, ಜಾವಯಿಬಾಪು. ಅವನು ಹೆಂಡತಿಯ ಊರಿಗೆ ಹೋದರೆ ಕಾಲಿಗೆ ನೀರು, ತಲೆಗೆ ಟೊಪ್ಪಿಗೆ, ತಟ್ಟೆಗೆ ತುಪ್ಪ. ಅವನು ಹಗಲನ್ನು ರಾತ್ರಿ ಎಂದರೆ ಅತ್ತೆ ಎದ್ದು ದೀಪ ಹಚ್ಚುತ್ತಾರೆ. ಸ್ವಂತ ಮನೆಯಲ್ಲಿ ನನ್ನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದು ಬೇರೆ ವಿಷಯ. ಅಕ್ಕಲಕೋಟದ ಸೀಮೆಯಲ್ಲಿ ಮಾತ್ರ ನನ್ನ ಮಾತಿಗೆ ಇದುವರೆಗೆ ಯಾರೂ ಎದುರಾಡಿಲ್ಲ. ಇಂಥ ವಾತಾವರಣದಲ್ಲಿ ಮೂವತ್ತು ವರ್ಷ ಹೋಗಿಬಂದು ಮಾಡಿದವನಿಗೆ ತಾನು ಬುದ್ಧಿವಂತ ಎನ್ನಿಸಿದರೆ ತಪ್ಪು ಅವನದೇ?

ಈರಣ್ಣ ನನ್ನ ಕಾರ್ಯಕ್ರಮ ಕೇಳಿಸಿಕೊಂಡ. ನೆಲದ ಮೇಲೆ ಒಂದು ಗೋಲಿ ಉರುಳಿಸಿದ. ಅದು ಓಡಿಹೋಗಿ ಮೂಲೆ ಸೇರಿತು. "ನೆಲ ತಗ್ಗು ಅದರಿ. ಉಸುಕು-ಸಿಮೆಂಟು ಹಾಕಿ ಮಟ್ಟ ಮಾಡಬೇಕಾಗ್ತದ," ಎಂದ. ಆಮೇಲೆ ತಲೆ ಕೆರೆದುಕೊಂಡು, "ಜಾವಯಿಬಾಪು, ಫರಶಿ ಮೊದಲ..." ಎಂದು ಶುರುಮಾಡಿದ.

"ಕಲಮು ನಾಲ್ಕು!" ಎಂದೆ ನಾನು, ಕಾಗದ ತೋರಿಸುತ್ತ.

ಈರಣ್ಣನಿಗೆ ಓದಲು ಬರುವುದಿಲ್ಲ. ಆದರೆ ಸಹಿ ಗುರುತಿಸಲು ಬರುತ್ತದೆ. "ಆತ್ರಿ, ನೀವು ಹೇಳಿದಂಗ," ಎಂದು ಗೋಲಿ ಎತ್ತಿ ಕಿಸೆಗೆ ಹಾಕಿಕೊಂಡ.

ಟ್ರಾಲಿ ಮಾಡುವ ನಿತಿನ್ ಮರಾಠಿ ಹುಡುಗ, ಸೊಲ್ಲಾಪುರದವನೇ. ಅವನೂ ಕೇಳಿದ, "ಸಾಹೇಬ, ಆಧೀ ಫರಶಿ ನಾ?" ಮೊದಲು ಫರಶಿ ಅಲ್ಲವೇ ಎಂದು. ನಾನು "ಆಧೀ ಟ್ರಾಲಿ!" ಎಂದೆ. ಅವನಿಗೆ ನಾನು ಜಾವಯಿಯೂ ಅಲ್ಲ, ಮಾವನೂ ಅಲ್ಲ. "ಚಾಲೇಲ್," ನಡೆಯುತ್ತದೆ ಎಂದು ಭುಜ ಹಾರಿಸಿ ಕೆಲಸ ಹಿಡಿದ. ಧೂಳು ಒಳಗೆ ಹೋಗಬಾರದೆಂದು ನಾನು ಇನ್ನೊಂದು ಸೂಚನೆ ಕೊಟ್ಟೆ: ಟ್ರಾಲಿಗಳ ಮುಖ ನೆಲದಿಂದ ಒಂದು ಬೆರಳಿಗಿಂತ ಮೇಲೆ ಇರಬಾರದು. ಅವನು ಹಾಗೇ ಮಾಡಿದ.

ನಾಲ್ಕು ದಿನದಲ್ಲಿ ಟ್ರಾಲಿ ಕೂತವು, ಮೇಲೆ ಕರಿ ಗ್ರಾನೈಟ್ ಕೂತಿತು. ಮೂಲೆಯ ಖಾನೆಯಲ್ಲಿ ಗ್ಯಾಸ್ ಸಿಲಿಂಡರ್, ಅದಕ್ಕೊಂದು ಬಾಗಿಲು. ಸುನಂದಾ ಹೋಗಿ ನಿಂತಳು, ಖಾಲಿ ಕಲ್ಲಿನ ಮೇಲೆ ಎರಡು ಸಲ ಅಂಗೈ ಬಡಿದು, ನನ್ನ ಕಡೆ ತಿರುಗಿ ನಕ್ಕಳು. "ಬರೋಬ್ಬರಿ ಬಂದದ ನೋಡ್ರಿ!" ನಾನು ಕಾಗದದಲ್ಲಿ ಕಲಮು ಮೂರರ ಮುಂದೆ ಟಿಕ್ ಹಾಕಿದೆ. ಹಾಲ್‌ನಲ್ಲಿ ಹರಡಿದ್ದ ಸಾಮಾನುಗಳು ಕಾಲಿಗೆ ತೊಡರುತ್ತಿದ್ದವು. ಎಲ್ಲವನ್ನೂ ಹೊಸ ಟ್ರಾಲಿಗಳಲ್ಲಿ ತುಂಬಿಸಿಬಿಟ್ಟೆ. ತಟ್ಟೆ, ಲೋಟ, ಹಂಚು, ಜೋಳದ ಹಿಟ್ಟಿನ ಡಬ್ಬಿ, ಸಕ್ಕರೆ, ಚಹಾಪುಡಿ. ಮುಂದಾಲೋಚನೆ!

ಮರುದಿನ ಈರಣ್ಣ ಸಿಮೆಂಟು ಕಲಸಿದ. ಹಾಸುವ ಮೊದಲು ನನ್ನನ್ನು ಕೇಳಿದ.

"ಜಾವಯಿಬಾಪು, ಫರಶಿ ಟ್ರಾಲಿ ತನಕ ಹಾಕಲ್ಯಾ?"

"ಟ್ರಾಲಿಗೆ ಹತ್ತಿಸಿ ಹಾಕು. ನಡುವ ಸಂದು ಇರಬಾರದು."

"ಟ್ರಾಲ್ಯಾಗ ಸಾಮಾನ ಇಟ್ಟೀರೇನ್ರಿ?"

"ಇಟ್ಟೀವಿ."

"ಎಲ್ಲಾ?"

"ಎಲ್ಲಾ."

"ಬೇಕಾಗೂದು ಏನರೆ ಇದ್ರ ಹೊರಗ ತಕ್ಕೋತೀರೇನು ಅಂತ..."

"ಯಾಕ?"

"ಏನಿಲ್ರಿ. ಸುಮ್ಮ ಕೇಳಿದೆ."

ಈರಣ್ಣ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಅದನ್ನು ನಾನು ಗೌರವ ಎಂದು ತಿಳಿದೆ.

ಫರಶಿ ಬಿತ್ತು. ಏನು ಕೆಲಸ ಅದು! ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿತು. ಟ್ರಾಲಿಗೂ ಫರಶಿಗೂ ನಡುವೆ ಕಾಗದ ತೂರುವಷ್ಟೂ ಜಾಗವಿಲ್ಲ. ಎರಡು ದಿನ ಯಾರೂ ತುಳಿಯಬಾರದೆಂದು ಈರಣ್ಣ ಹೇಳಿದ. ನಾವು ಖಾನಾವಳಿಯ ಡಬ್ಬಿ ತರಿಸಿ ಊಟ ಮಾಡಿದೆವು. ಮೂರನೆಯ ದಿನ ಹಾಲು ಉಕ್ಕಿಸುವ ಸಮಾರಂಭ. ಅತ್ತೆ-ಮಾವ ಬೆಳಗಿನ ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟದಿಂದ ಬಂದರು. ಜೊತೆಗೆ ಶೇಂಗಾ ಚಟ್ನಿಯ ಡಬ್ಬಿ, ಮೊಸರಿನ ಗಡಿಗೆ ತಂದಿದ್ದರು. ಮಗಳು ನಿಂತು ಬಡಿದ ಮೊದಲ ರೊಟ್ಟಿ ತಿನ್ನಬೇಕೆಂದು ಅತ್ತೆಗೆ ಆಸೆ. ಈರಣ್ಣನೂ ಬಂದು ಬಾಗಿಲ ಹತ್ತಿರ ಗೋಡೆಗೆ ಆತು ನಿಂತ.

ನಾನು ಎಲ್ಲರನ್ನೂ ಅಡುಗೆಮನೆಗೆ ಕರೆದೊಯ್ದೆ. ಹೊಸ್ತಿಲಲ್ಲಿ ಎಡವಿದೆ. ಅಡುಗೆಮನೆ ಹಾಲ್‌ಗಿಂತ ಮೇಲಕ್ಕೆ ಏರಿತ್ತು. "ಏರಿದ ಮನಿ ಛಲೋರಿ, ಏಳಿಗೆಯ ಲಕ್ಷಣ," ಎಂದರು ಮಾವ.

ಸುನಂದಾ ಹೊರಗೆ ಉಳಿದಿದ್ದ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಿದಳು. ಎಲ್ಲರೂ ಕೈಮುಗಿದರು. ಜ್ವಾಲೆ ಎರಡು ನಿಮಿಷ ಉರಿಯಿತು, ಸಣ್ಣದಾಯಿತು, ಪುಸ್ ಎಂದು ಆರಿತು. ಸಿಲಿಂಡರ್ ಮುಗಿದಿತ್ತು.

"ಹಾಲು ಉಕ್ಕಲಿಲ್ಲಲ್ಲಾ," ಎಂದಳು ಸುನಂದಾ.

"ಉಗುರಬೆಚ್ಚಗ ಆಗೇದಲ್ಲವ್ವಾ, ಅದ ಹೊಟ್ಟಿಗಿ ಹಿತ," ಎಂದರು ಅತ್ತೆ.

ತುಂಬಿದ ಸಿಲಿಂಡರ್ ಹಾಲ್‌ನಲ್ಲಿತ್ತು. ನಾನು ಠೀವಿಯಿಂದ ಮೂಲೆಯ ಖಾನೆಯ ಬಾಗಿಲು ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಬಾಗಿಲಿನ ಕೆಳಗಿನ ಅಂಚು ಹೊಸ ಫರಶಿಯ ಹಿಂದೆ ಸಿಕ್ಕಿಕೊಂಡಿತ್ತು. ಎರಡೂವರೆ ಇಂಚು ಏರಿದ ನೆಲ ಬಾಗಿಲಿನ ಮುಂದೆ ಒಡ್ಡು ಕಟ್ಟಿತ್ತು.

"ಇರ್ಲಿ, ಮೊದಲ ಚಹಾ ಮಾಡೂಣು, ಬಾಜೂ ಮನಿ ಕಾಕು ಕಡಿಂದ ಇದ್ದಲಿ ಶೇಗಡಿ ತರೂಣು," ಎಂದು ಸುನಂದಾ ಸಕ್ಕರೆಗಾಗಿ ಕೆಳಗಿನ ಟ್ರಾಲಿ ಎಳೆದಳು. ಅದೂ ಬರಲಿಲ್ಲ. ಪಕ್ಕದ್ದೂ ಬರಲಿಲ್ಲ. ನಾನು ಫರಶಿಯ ಮೇಲೆ ಕಾಲು ಊರಿ, ಹಲ್ಲು ಕಚ್ಚಿ, ಎರಡೂ ಕೈಯಿಂದ ಜಗ್ಗಿದೆ. ಬಂತು! ಹಿಡಿಕೆ ಬಂತು. ಅದರ ಹಿಂದೆಯೇ ನಾನೂ ಹಿಂದಕ್ಕೆ ಬಂದು ಮಾವನವರ ಪಾದದ ಬಳಿ ಕೂತೆ.

ಮಾವನವರು ಗಂಟಲು ಸರಿಮಾಡಿಕೊಂಡರು. "ಗಟ್ಟಿ ಕೆಲಸರಿ! ಕಳ್ಳ ಬಂದ್ರೂ ಒಂದ ಚಮಚಾ ಒಯ್ಯಾಕ ಆಗೂದಿಲ್ಲ."

"ಧೂಳೂ ಹೋಗೂದಿಲ್ಲ," ಎಂದರು ಅತ್ತೆ.

ಹಿಡಿಕೆ ಕೈಯಲ್ಲಿ ಹಿಡಿದು ಕೂತವನಿಗೆ ಆಗ ಮೊದಲ ಸಲ ಒಂದು ಸಂಶಯ ಬಂತು. ಮೂವತ್ತು ವರ್ಷದಿಂದ ನಾನು ಕೇಳಿದ ಹೊಗಳಿಕೆಗಳೆಲ್ಲ ಇದೇ ಜಾತಿಯವೇ?

ಸುನಂದಾ ಪಕ್ಕದ ಮನೆಯ ಕಾಕುವಿನಿಂದ ಸಣ್ಣ ಶೇಗಡಿ, ಹಂಚು, ಪರಾತ, ಹಿಟ್ಟು ಎಲ್ಲ ಎರವಲು ತಂದಳು. ಕಾಕು ಕೇಳದೆಯೇ ಅಭಿಪ್ರಾಯವನ್ನೂ ಕೊಟ್ಟು ಕಳಿಸಿದ್ದರು: "ಆಧೀ ಫರಶಿ ಘಾಲಾಯಚೀ ಅಸತೇ!" ಮೊದಲು ಫರಶಿ ಹಾಕಬೇಕಂತೆ. ಇಡೀ ಸೊಲ್ಲಾಪುರಕ್ಕೆ ಗೊತ್ತಿದ್ದ ಸಂಗತಿ ಅದು.

ಪರಾತವನ್ನು ಹೊಸ ಓಟಾದ ಮೇಲಿಟ್ಟು ಅವಳು ರೊಟ್ಟಿಗೆ ಕೈ ಹಾಕಿದಳು. ಒಂದು ಬಡಿದಳು. ಎರಡನೆಯದಕ್ಕೆ ಬೆನ್ನು ಬಗ್ಗಿತು. ಮೂರನೆಯದಕ್ಕೆ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಅವತ್ತ ಹಿಂಗ ಇರಲಿಲ್ಲಲ್ರೀ," ಎಂದಳು. ನಾನು ಟೇಪು ತಂದು ಹಿಡಿದೆ. ಇಪ್ಪತ್ತೊಂಬತ್ತೂವರೆ. ಓಟಾ ಇಳಿದಿರಲಿಲ್ಲ, ನನ್ನ ಹೆಂಡತಿ ಏರಿದ್ದಳು!

"ಬಗ್ಗಿ ಬಡಿಯೂದಕ್ಕಿಂತ ಕೂತ ಬಡಿಯೂದ ಛಲೋ," ಎಂದವಳೇ ಶೇಗಡಿಯನ್ನು ಕೆಳಗಿಟ್ಟಳು. ಒಂದು ಕೈಯಿಂದ ಗೋಡೆ ಹಿಡಿದು, ನಿಧಾನವಾಗಿ, ತುಟಿ ಕಚ್ಚಿಕೊಂಡು, ಆ ನುಣುಪಾದ ಹೊಸ ಫರಶಿಯ ಮೇಲೆ ಕೂತಳು. ಯಾವ ಮೊಣಕಾಲಿಗಾಗಿ ಇಷ್ಟೆಲ್ಲ ಮಾಡಿಸಿದೆನೋ ಆ ಮೊಣಕಾಲು ಮತ್ತೆ ನೆಲಕ್ಕೆ ಬಂದಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ನಾಲ್ಕು ರೊಟ್ಟಿ ತಿಂದೆ, ಆ ಮಾತು ಬೇರೆ.

ಊಟ ಮುಗಿದ ಮೇಲೆ ಸುನಂದಾ ಗೌಂಡಿಯನ್ನು ಕರೆದಳು. "ಈರಣ್ಣ ಕಾಕಾ, ಖರೇ ಹೇಳು. ಹಿಂಗ ಆಗ್ತದಂತ ನಿನಗ ಗೊತ್ತಿರಲಿಲ್ಲ?"

"ಮೊದಲನೇ ದಿನಾನೇ ಗೊತ್ತಿತ್ತವ್ವಾ."

"ಮತ್ತ ಬಾಯಿ ಯಾಕ ಬಿಡಲಿಲ್ಲ?"

ಈರಣ್ಣ ಮಾವನವರ ಕಡೆ ನೋಡಿದ. "ಯಜಮಾನ್ರು ಕಳಸೂಮುಂದ ತಾಕೀತ ಮಾಡಿದ್ರು. ಜಾವಯಿಬಾಪು ಹೇಳಿದಂಗ ಮಾಡು, ತಪ್ಪ ಇದ್ರೂ ಎದುರ ಮಾತಾಡಬ್ಯಾಡ, ಕೆಟ್ರ ಆಮ್ಯಾಲ ರಿಪೇರಿ ಮಾಡೂಣು ಅಂದ್ರು."

ಎಲ್ಲರೂ ಮಾವನವರ ಕಡೆ ತಿರುಗಿದೆವು. ಅವರು ಸೂರು ನೋಡುತ್ತ, "ಮ್ಯಾಲಿನ ಬಣ್ಣ ಛಂದ ಅದರಿ," ಎಂದರು.

"ಅಪ್ಪಾ!" ಎಂದಳು ಸುನಂದಾ. ಅಷ್ಟು ದೊಡ್ಡ ದನಿಯಲ್ಲಿ ಅವಳು ತಂದೆಯನ್ನು ಕರೆದದ್ದನ್ನು ನಾನು ಕೇಳಿರಲಿಲ್ಲ. "ಇವರ ಮಾನ ಉಳಸಾಕ ನನ್ನ ಮೊಣಕಾಲ ಕೊಟ್ರಲ್ಲಾ ನೀವು!"

ಮುದುಕರು ಸೂರಿನಿಂದ ಕಣ್ಣು ಇಳಿಸಿದರು. ಸ್ವಲ್ಪ ಹೊತ್ತು ಮಗಳ ಕಾಲುಗಳನ್ನೇ ನೋಡಿದರು. ಆಮೇಲೆ, "ಈರಣ್ಣಾ, ಇನ್ನ ಮ್ಯಾಲ ನಮ್ಮ ಸುನಂದಾ ಹೇಳಿದಂಗ," ಎಂದರು. ನನ್ನ ಮುಖ ನೋಡಲಿಲ್ಲ. ಮೂವತ್ತು ವರ್ಷದ ನನ್ನ ರಾಜ್ಯಭಾರ ಹೀಗೆ ಒಂದು ವಾಕ್ಯದಲ್ಲಿ ಮುಗಿಯಿತು.

ಸುನಂದಾ ಕಾಗದ ತರಲಿಲ್ಲ, ಕಲಮು ಬರೆಯಲಿಲ್ಲ, ಸಹಿಯನ್ನೂ ಮಾಡಲಿಲ್ಲ. "ಟ್ರಾಲಿ ಮುಂದಿನ ಒಂದ ಸಾಲ ಫರಶಿ ತಗಿ. ಟ್ರಾಲಿ, ಕಲ್ಲು ಎಲ್ಲಾ ಬಿಚ್ಚಿ ಹೊರಗ ಇಡು. ಗ್ವಾಡಿ ತನಕ ಫರಶಿ ಹಾಕು. ಆಮ್ಯಾಲ ಟ್ರಾಲಿ. ಕಲ್ಲು ಇಡೂಮುಂದ ನನ್ನ ಕರಿ, ನಾ ನಿಂತ ನೋಡ್ತೀನಿ," ಎಂದಳು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ನಿತಿನ್ ಬಂದ. ಗೋಡೆಗೆ ತಾನೇ ಹೊಡೆದ ಮೊಳೆಗಳನ್ನು ಕೀಳುತ್ತ, "ಮೀ ಮ್ಹಟಲಂ ಹೋತಂ," ನಾನು ಹೇಳಿದ್ದೆನಲ್ಲ ಎಂದು ಗೊಣಗಿದ. ಫರಶಿ ಕಿತ್ತಾಗ ಹೊರಬಂದ ಟ್ರಾಲಿಯಲ್ಲಿ ಸಕ್ಕರೆಯ ಡಬ್ಬಿಗೆ ಇರುವೆಗಳು ಆಗಲೇ ಸಂಸಾರ ಹೂಡಿದ್ದವು. ಧೂಳು ಹೋಗಲಾರದ ಜಾಗದಲ್ಲಿ ಅವು ಹೇಗೆ ಹೋದವೋ ಗೊತ್ತಿಲ್ಲ. ಅವು ಯಾರ ಕಾರ್ಯಕ್ರಮವನ್ನೂ ಓದಿರಲಿಲ್ಲ.

ಈ ದಿನಗಳಲ್ಲಿ ನನಗೂ ಒಂದು ಜವಾಬ್ದಾರಿ ಇತ್ತು. ಕಾಕುವಿನ ಮನೆಯಿಂದ ಚಹಾ ತಂದುಕೊಡುವುದು. ಒಮ್ಮೆ ಕೆಲಸ ನೋಡುತ್ತ, "ಈರಣ್ಣಾ, ಆ ಮೂಲಿ ಸ್ವಲ್ಪ..." ಎಂದೆ. ಅವನು ಬಹಳ ನಮ್ರತೆಯಿಂದ, "ಅಕ್ಕಾವ್ರಿಗೆ ಕೇಳಿ ಹೇಳ್ತೀನ್ರಿ," ಎಂದ.

ಹತ್ತು ದಿನದ ಮೇಲೆ ಹಾಲು ಉಕ್ಕಿತು. ಸುನಂದಾ ನೆಟ್ಟಗೆ ನಿಂತು ರೊಟ್ಟಿ ಬಡಿದಳು. ತಟ್, ತಟ್, ತಟ್ ಎಂದು ಅಂಗೈ ಬೀಳುವ ಸದ್ದು ಮನೆಯನ್ನೆಲ್ಲ ತುಂಬಿತು. ಹದಿನೈದು ಮುಗಿಸಿ, ಕೈ ತೊಳೆದು, ಗೋಡೆ ಹಿಡಿಯದೆ, "ಯವ್ವಾ" ಎನ್ನದೆ ಹಾಲ್‌ಗೆ ನಡೆದು ಬಂದಳು. ನನಗೆ ಅಳು ಬಂದಂತಾಯಿತು. "ಹೆಂಗ ಅದ?" ಎಂದೆ. "ಛಲೋ ಅದ ತಗೋರಿ," ಎಂದಳು. ಆ ಹೊಗಳಿಕೆ ಖರೇ ಇತ್ತು. ನನ್ನದಾಗಿರಲಿಲ್ಲ, ಅಷ್ಟೇ.

ಮುಂದಿನ ತಿಂಗಳು ಅಕ್ಕಲಕೋಟದಿಂದ ಮಾವನವರ ಫೋನು ಬಂತು. ಅತ್ತೆಗೂ ಮೊಣಕಾಲು ಶುರುವಾಗಿದೆ, ಅವರಿಗೂ ಅಂಥದ್ದೇ ಓಟಾ ಮಾಡಿಸಬೇಕಂತೆ. ನಾನು ತಕ್ಷಣ, "ನಾ ರಜಾ ಹಾಕಿ ಬರ್ತೀನ್ರಿ ಮಾವಾ," ಎಂದೆ.

"ನೀವು ಯಾಕ ತ್ರಾಸ ತಗೋತೀರಿ ಜಾವಯಿಬಾಪು? ಧೂಳು ಇರ್ತದ. ಕೆಲಸ ಮುಗೀಲಿ, ನಾನೇ ಬಂದು ಕರ್ಕೊಂಡ ಹೋಗ್ತೀನಿ. ಈಗ ಸುನಂದಾನ್ನ ಅಷ್ಟ ಕಳಸ್ರಿ."

ಸುನಂದಾ ಟೇಪನ್ನು ಕೈಚೀಲದಲ್ಲಿ ಹಾಕಿಕೊಂಡು ಎಸ್‌ಟಿ ಹತ್ತಿದಳು. ಹದಿನೈದು ದಿನ ಬರುವುದಿಲ್ಲ. ಖಾನಾವಳಿಯ ಡಬ್ಬಿ ಎರಡು ದಿನಕ್ಕೇ ಬೇಸರವಾಗಿ, ಈಗ ನಾನೇ ರೊಟ್ಟಿ ಬಡಿಯಲು ನಿಂತಿದ್ದೇನೆ. ಅವಳಿಗಿಂತ ಮುಕ್ಕಾಲು ಅಡಿ ಎತ್ತರದವನು ನಾನು. ಮೂರನೆಯ ರೊಟ್ಟಿಗೇ ಸೊಂಟ ಹಿಡಿಯುತ್ತದೆ. ಓಟಾ ಏರಿಸಿ ಎನ್ನುವ ಧೈರ್ಯ ನನಗಿಲ್ಲ, ನೆಲ ಇಳಿಸಿ ಎನ್ನುವ ಅಧಿಕಾರ ಉಳಿದಿಲ್ಲ. ಸದ್ಯಕ್ಕೆ ನಾನೇ ಬಗ್ಗಿದ್ದೇನೆ.